ಹಾಳುಬಿದ್ದ ಗೊಬ್ಬರದ ಗುಂಡಿ: ಕೊಂಡ ತೋಟದ ಮೊದಲ ಕೆಲಸ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ಹಂದನಕೆರೆ ಹೋಬಳಿಯು ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳೊಡನೆ ಕೂಡಿ ಉಂಡೆ ಕೊಬ್ಬರಿಯ ಸೀಮೆಯೆಂದು ನಾಡಿಗೆಲ್ಲ ಪರಿಚಿತವಾಗಿದೆ. ಮಳೆ ಕಡಿಮೆಯಿರುವ ಈ ಅರೆ ಒಣ ಪ್ರದೇಶದಲ್ಲಿ ತೆಂಗು ತಲೆಮಾರುಗಳ ಕಾಲ ಬಾಳಿ ಬಂದಿರುವುದು ಕೆರೆಯ ನೀರು, ಕೆರೆಯ ಗೋಡು ಮತ್ತು ಕೊಟ್ಟಿಗೆಯ ಗೊಬ್ಬರ ಎಂಬ ಮೂರರ ಬಲದಿಂದ. ಇವುಗಳಲ್ಲಿ ಕೆರೆಯ ನೀರಿನ ಜಾಗಕ್ಕೆ ಕೊಳವೆಬಾವಿ ಬಂದಿತು. ಗೋಡು, ಅಂದರೆ ಬೇಸಿಗೆಯಲ್ಲಿ ಕೆರೆಯಂಗಳದಿಂದ ತೆಗೆದು ಗಾಡಿಯಲ್ಲಿ ತಂದು ಹೊಡೆಯುತ್ತಿದ್ದ ಹೂಳುಮಣ್ಣು, ತೋಟಕ್ಕೆ ಬರುವುದು ವಿರಳವಾಯಿತು. ಗೊಬ್ಬರದ ಗುಂಡಿಯಾದರೋ ತೋಟದ ಒಂದು ಮೂಲೆಯಲ್ಲಿ ಹೆಸರಿಗೆ ಉಳಿದುಕೊಂಡು, ಹಲವೆಡೆ ಯಾರ ಆರೈಕೆಯೂ ಇಲ್ಲದೆ ಹಾಳುಬಿದ್ದಿದೆ.

ತೋಟಗಳು ಕೈ ಬದಲಿಸುತ್ತಿರುವ ಈ ಕಾಲದಲ್ಲಿ ಹಾಳುಬಿದ್ದ ಗುಂಡಿಯ ಪ್ರಶ್ನೆ ಹೊಸ ಮಹತ್ವ ಪಡೆದಿದೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ 79ಎ ಮತ್ತು 79ಬಿ ಕಲಂಗಳು ಒಡ್ಡಿದ್ದ ತಡೆಯನ್ನು ತೆಗೆದುಹಾಕಿದ ಮೇಲೆ, ನಗರದಲ್ಲಿ ದುಡಿದು ಊರ ಕಡೆ ಒಂದೆರಡು ಎಕರೆ ತೋಟ ಮಾಡಿಕೊಳ್ಳಬೇಕೆನ್ನುವವರಿಗೆ ದಾರಿ ಸುಗಮವಾಗಿದೆ. ಇನ್ನೊಂದೆಡೆ, ಹಿರಿಯರು ತೀರಿಕೊಂಡ ಮೇಲೆ ಪಾಲಿಗೆ ಬಂದ ತೋಟವನ್ನು ವರ್ಷಗಳ ನಂತರ ಮರಳಿ ನೋಡಲು ಬರುವ ಮಕ್ಕಳೂ ಇದ್ದಾರೆ. ಇಂಥವರು ಮೊದಲು ಎಣಿಸುವುದು ಫಲದ ಮರಗಳನ್ನು, ವಿಚಾರಿಸುವುದು ಕೊಳವೆಬಾವಿಯ ನೀರನ್ನು, ಮಾಡಿಸುವುದು ತಂತಿಬೇಲಿಯನ್ನು. ಗೊಬ್ಬರದ ಗುಂಡಿಯನ್ನೋ ಎರೆಗೊಬ್ಬರದ ತೊಟ್ಟಿಯನ್ನೋ ಕಂಡಾಗ ಜೆಸಿಬಿಯಿಂದ ಮುಚ್ಚಿಸಿಬಿಡುವುದು ಒಂದು ರೂಢಿಯಾದರೆ, ಒಳಗಿರುವುದೆಲ್ಲ ಹಳೆಯ ಒಳ್ಳೆಯ ಗೊಬ್ಬರವೆಂದು ನಂಬಿ ನೇರವಾಗಿ ಮರದ ಪಾತಿಗೆ ಸುರಿಯುವುದು ಇನ್ನೊಂದು ರೂಢಿ. ಎರಡೂ ನಷ್ಟದ ಹಾದಿಗಳು. ಹಾಳುಬಿದ್ದ ಗುಂಡಿಯನ್ನು ತೆರೆದು, ಒಳಗಿನದನ್ನು ವಿಂಗಡಿಸಿ, ಅಲ್ಲಿ ಬೀಡುಬಿಟ್ಟ ಕೀಟವನ್ನು ತೊಲಗಿಸಿ ಮತ್ತೆ ತುಂಬುವುದೇ ಹೊಸದಾಗಿ ಕೈಗೆ ಬಂದ ತೆಂಗಿನ ತೋಟದ ಮೊದಲ ಕೆಲಸವಾಗಬೇಕು ಎಂಬುದನ್ನು ಇಲ್ಲಿ ಕಾರಣಸಹಿತ ವಿವರಿಸಲಾಗಿದೆ.

ತಿಪ್ಪೆಯಿಂದ ತೊಟ್ಟಿಯವರೆಗೆ

ಈ ಸೀಮೆಯ ತೋಟಗಳಲ್ಲಿ ಮೂರು ಬಗೆಯ ಗೊಬ್ಬರದ ನೆಲೆಗಳು ಕಾಣಸಿಗುತ್ತವೆ. ಮೊದಲನೆಯದು ತಿಪ್ಪೆ: ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಒಲೆಯ ಬೂದಿ, ಮನೆಯ ಕಸ ಇವನ್ನು ದಿನದಿನವೂ ಹಾಕುತ್ತ ವರ್ಷಕ್ಕೊಮ್ಮೆ ಮುಂಗಾರಿನ ಮುಂಚೆ ಹೊಲ, ತೋಟಗಳಿಗೆ ಹೊಡೆಯುವ ಗುಡ್ಡೆ ಅಥವಾ ಗುಂಡಿ. ದೀಪಾವಳಿಯ ದಿನಗಳಲ್ಲಿ ತಿಪ್ಪೆಗೂ ದೀಪವಿಡುವ ಆಚರಣೆ ಕನ್ನಡ ನಾಡಿನ ಹಲವು ಭಾಗಗಳಲ್ಲಿರುವುದು, ಬೇಸಾಯದ ಮನೆತನಗಳು ಅದನ್ನು ಸಂಪತ್ತಿನ ನೆಲೆಯೆಂದು ಕಂಡಿದ್ದಕ್ಕೆ ಸಾಕ್ಷಿಯಾಗಿದೆ.

ಎರಡನೆಯದು, ವಿಜ್ಞಾನಿಗಳು ರೂಪಿಸಿದ ಕ್ರಮಗಳಿಗೆ ಅನುಸಾರವಾಗಿ ತೋಡಿದ ಅಥವಾ ಕಟ್ಟಿದ ಕಾಂಪೋಸ್ಟ್ ಗುಂಡಿ. ಕಾಂಪೋಸ್ಟ್ ಎಂದರೆ ಸೂಕ್ಷ್ಮಜೀವಿಗಳ ಕೆಲಸದಿಂದ ಮೂಲರೂಪ ಗುರುತು ಸಿಗದಷ್ಟು ಕಳಿತ ಸಸ್ಯ ಹಾಗೂ ಪ್ರಾಣಿಜನ್ಯ ವಸ್ತು. ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡುತ್ತಿದ್ದಾಗ, ಭಾರತದ ರೈತರ ವಾಡಿಕೆಯನ್ನೂ ಚೀನಾದ ಬೇಸಾಯದ ವಿವರಗಳನ್ನೂ ಅಭ್ಯಸಿಸಿ, ಪದರಪದರವಾಗಿ ಹಾಕಿ ಮೂರು ಸಲ ಮಗುಚುವ ಇಂದೋರ್ ಪದ್ಧತಿಯನ್ನು ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ರೂಪಿಸಿದರು. ಮಗುಚುವ ಕೂಲಿ ಮತ್ತು ನೀರು ಎರಡೂ ದುಬಾರಿಯಾಗುವ ಕಡೆಗೆ ಒಗ್ಗುವ ಬೇರೊಂದು ಕ್ರಮವನ್ನು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದರು. ಗುಂಡಿಯನ್ನು ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರರಿಂದ ಎಂಟು ತಿಂಗಳು ಬಿಡುವ ಈ ಕ್ರಮಕ್ಕೆ ಬೆಂಗಳೂರು ಪದ್ಧತಿ ಎಂಬ ಹೆಸರು ಬಂದು, ಕೃಷಿ ಪಠ್ಯಗಳಲ್ಲಿ ಅದು ಇಂದಿಗೂ ನೆಲೆಯಾಗಿದೆ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರು ಬಳಕೆಗೆ ತಂದ ನಾಡೆಪ್ ತೊಟ್ಟಿಯು 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರವಿದ್ದು, ಗಾಳಿಯಾಡಲೆಂದು ಅದರ ಇಟ್ಟಿಗೆ ಗೋಡೆಯಲ್ಲಿ ಕಿಂಡಿಗಳನ್ನು ಬಿಡಲಾಗುತ್ತದೆ.

ಮೂರನೆಯದು ಎರೆಗೊಬ್ಬರದ ತೊಟ್ಟಿ. ತೋಟಗಾರಿಕೆ ಇಲಾಖೆಯ ಸಹಾಯಧನದಿಂದಲೋ ಉದ್ಯೋಗ ಖಾತರಿ ಯೋಜನೆಯ ವೈಯಕ್ತಿಕ ಕಾಮಗಾರಿಯಾಗಿಯೋ ಕಟ್ಟಿಸಿದ ಇಂಥ ತೊಟ್ಟಿಗಳು ಹಳ್ಳಿಹಳ್ಳಿಗಳಲ್ಲಿವೆ. ಕಟ್ಟುವುದಕ್ಕೆ ದೊರೆತ ನೆರವು ನಡೆಸುವುದಕ್ಕೆ ದೊರೆಯದಿದ್ದಾಗ, ಒಂದೆರಡು ಫಸಲು ಗೊಬ್ಬರ ಕೊಟ್ಟ ತೊಟ್ಟಿಯು ಕ್ರಮೇಣ ಒಣ ಗರಿ, ಹರಿದ ಹನಿ ನೀರಾವರಿ ಪೈಪು ಮತ್ತು ಖಾಲಿ ಗೊಬ್ಬರದ ಚೀಲ ಎಸೆಯುವ ಜಾಗವಾಗಿ ಮಾರ್ಪಡುತ್ತದೆ. ಹೊಸ ಒಡೆಯರಿಗೆ ದಕ್ಕುವುದು ಬಹುಮಟ್ಟಿಗೆ ಈ ಸ್ಥಿತಿಯ ತೊಟ್ಟಿಯೇ.

ಕಳಿಯುವಿಕೆ ನಿಂತುಹೋಗುವ ಬಗೆ

ಗುಂಡಿ ಹೇಗೆ ಹಾಳಾಯಿತೆಂದು ತಿಳಿಯದೆ ಅದನ್ನು ಸರಿಪಡಿಸಲಾಗದು. ಕಳಿಯುವ ಕ್ರಿಯೆಗೆ ನಾಲ್ಕು ಅನುಕೂಲಗಳು ಒಟ್ಟಿಗೆ ಬೇಕು: ಇಂಗಾಲ ಮತ್ತು ಸಾರಜನಕಗಳ ಹದವಾದ ಪ್ರಮಾಣ, ತೇವ, ಗಾಳಿ ಮತ್ತು ಸಾಕಷ್ಟು ಗಾತ್ರ. ಸೂಕ್ಷ್ಮಜೀವಿಗಳಿಗೆ ಇಂಗಾಲವು ಶಕ್ತಿಯ ಮೂಲ, ಸಾರಜನಕವು ಮೈ ಬೆಳೆಸುವ ಆಹಾರ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದರೆ ಕ್ರಿಯೆ ಚುರುಕಾಗಿ ಸಾಗುತ್ತದೆ. ತೇವಾಂಶ ಶೇ 50ರಿಂದ 60ರಷ್ಟಿರಬೇಕು. ಕೈಯಲ್ಲಿ ಹಿಡಿದು ಬಲವಾಗಿ ಹಿಂಡಿದಾಗ ಒಂದೆರಡು ಹನಿ ಜಿನುಗಿ, ಮುಷ್ಟಿ ಬಿಚ್ಚಿದರೆ ಉಂಡೆ ಉಳಿಯುವ ಹದವಿದು. ಈ ಎಲ್ಲವೂ ಕೂಡಿದಾಗ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರುತ್ತದೆ. ಆ ಬಿಸಿ ಕೆಲವು ದಿನ ನಿಂತರೆ ಹೆಚ್ಚಿನ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ.

ತೆಂಗಿನ ತೋಟದ ಗುಂಡಿಯಲ್ಲಿ ಈ ಸಮತೋಲ ತಪ್ಪುವುದು ಸುಲಭ. ತೆಂಗಿನ ಗರಿ, ಹೊಂಬಾಳೆಯ ಒಣ ಕಡ್ಡಿ, ಕಾಯಿ ಸುಲಿದ ಮಟ್ಟೆ ಇವೆಲ್ಲವೂ ಲಿಗ್ನಿನ್ ಎಂಬ ಗಡಸು ವಸ್ತು ತುಂಬಿದ, ಇಂಗಾಲ ಅಧಿಕವಾಗಿರುವ, ಸಾರಜನಕ ಅತ್ಯಲ್ಪವಾಗಿರುವ ಪದಾರ್ಥಗಳು. ದನಕರು ಇದ್ದ ಕಾಲದಲ್ಲಿ ಸಗಣಿ, ಗಂಜಲಗಳು ಈ ಕೊರತೆಯನ್ನು ತುಂಬುತ್ತಿದ್ದವು. ಕೊಟ್ಟಿಗೆ ಬರಿದಾದ ಮೇಲೆ ಗುಂಡಿಗೆ ಬೀಳುವುದು ಒಣ ಗರಿಯೊಂದೇ. ಇಡಿಯಾಗಿ ಎಸೆದ ಗರಿಗಳ ನಡುವೆ ತೇವ ನಿಲ್ಲದೆ ಬೇಸಿಗೆಯಲ್ಲಿ ಗುಂಡಿ ಪೂರ್ತಿ ಒಣಗಿ, ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸಿ, ಗೆದ್ದಲು ಸೇರಿಕೊಳ್ಳುತ್ತದೆ. ತದ್ವಿರುದ್ಧವಾಗಿ, ನೀರು ಹೊರಹೋಗಲು ದಾರಿಯಿಲ್ಲದ ಸಿಮೆಂಟ್ ತೊಟ್ಟಿಯಲ್ಲಿ ಹಿಂಗಾರಿನ ಮಳೆ ನಿಂತರೆ ಗಾಳಿಯಿಲ್ಲದೆ ಕೊಳೆತು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕಪ್ಪು, ಜಿಗುಟು, ನಾರುವ ಈ ಪದಾರ್ಥವನ್ನು ಹಳ್ಳಿಯವರು ಗೊಬ್ಬರವೆಂದು ಒಪ್ಪದಿರುವುದು ಸರಿಯಾದ ತೀರ್ಮಾನವೇ. ಹಲವು ವರ್ಷ ಮಳೆಗೆ ತೆರೆದು ಬಿದ್ದ ಗುಂಡಿಯಲ್ಲಿ ನೀರಿನಲ್ಲಿ ಸುಲಭವಾಗಿ ಕರಗುವ ಪೊಟ್ಯಾಷ್ ತೊಳೆದುಹೋಗಿರುತ್ತದೆ; ಉಳಿಯುವುದು ಮಣ್ಣಿನ ರಚನೆಯನ್ನು ಉತ್ತಮಪಡಿಸಬಲ್ಲ, ಆದರೆ ಪೋಷಕಾಂಶ ಕಡಿಮೆಯಿರುವ ಹ್ಯೂಮಸ್, ಅಂದರೆ ಇನ್ನು ಕಳಿಯಲು ಹೆಚ್ಚೇನೂ ಉಳಿಯದ ಕಪ್ಪು ಸಾವಯವ ವಸ್ತು.

ಎರೆಹುಳುಗಳ ತೊಟ್ಟಿ ಹಾಳಾಗುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಹಸಿ ಸಗಣಿ ಕಳಿಯುವಾಗ ಏಳುವ ಬಿಸಿಗೆ ಹುಳುಗಳು ಸಾಯುತ್ತವೆ. ಹತ್ತು ದಿನ ನೀರು ಚಿಮುಕಿಸದಿದ್ದರೂ, ನೆರಳಿನ ಚಪ್ಪರ ಹಾರಿಹೋದರೂ ಸಾಯುತ್ತವೆ. ಕೆಂಪಿರುವೆ, ಇಲಿ, ಕೋಳಿಗಳ ಬಾಯಿಗೂ ಬೀಳುತ್ತವೆ. ತೋಟದಲ್ಲಿ ವಾಸವಿರದ ಒಡೆಯನ ತೊಟ್ಟಿ ಮೊದಲ ಬೇಸಿಗೆಯಲ್ಲಿಯೇ ಬರಿದಾಗುವುದು ಈ ಕಾರಣದಿಂದ.

ಗುಂಡಿಯನ್ನು ತೆರೆಯುವ ಮುನ್ನ

ಹಳೆಯ ಗುಂಡಿಯು ಹಲವು ಜೀವಿಗಳಿಗೆ ಮನೆಯಾಗಿರುವುದರಿಂದ ಅವಸರದಿಂದ ಕೈಹಾಕುವುದು ಅಪಾಯಕಾರಿ. ಬೆಚ್ಚಗಿನ, ತೇವದ ಗೊಬ್ಬರದ ರಾಶಿಯಲ್ಲಿ ಹಾವುಗಳು ಮೊಟ್ಟೆಯಿಡುತ್ತವೆ. ಇಲಿಗಳಿರುವೆಡೆಗೆ ನಾಗರಹಾವೂ ಕೊಳಕುಮಂಡಲವೂ ಬರುತ್ತವೆ. ಮಟ್ಟೆಯ ಸಂದಿನಲ್ಲಿ ಚೇಳು, ಜರಿಗಳಿರುತ್ತವೆ. ಹಾಡುಹಗಲಿನಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ಮತ್ತು ಗಟ್ಟಿ ಕೈಗವಸು ತೊಟ್ಟು, ಉದ್ದ ಹಿಡಿಯ ಕವೆಗೋಲಿನಿಂದ ಮೇಲಿನ ಗರಿಗಳನ್ನು ಒಂದೊಂದಾಗಿ ಎಳೆದುಹಾಕಿ, ಒಂದು ಮಗ್ಗುಲನ್ನು ತೆರೆದಿಟ್ಟು, ಒಳಗಿರುವ ಹಾವು ತಾನಾಗಿ ಸರಿದುಹೋಗಲು ಅವಕಾಶ ಕೊಡಬೇಕು. ಯಾರಿಗಾದರೂ ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಮೊದಲಾದ ಕ್ರಮಗಳಿಗೆ ಹೊತ್ತು ಕಳೆಯದೆ, ವಿಷನಿರೋಧಕ ಚುಚ್ಚುಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಗುಂಡಿಗೆ ಬೆಂಕಿಯಿಕ್ಕುವುದು ಇನ್ನೂ ದೊಡ್ಡ ತಪ್ಪು. ಒಣ ತೆಂಗಿನ ತೋಟದಲ್ಲಿ ಬೆಂಕಿ ಮರದಿಂದ ಮರಕ್ಕೆ ಹಬ್ಬುವುದಷ್ಟೇ ಅಲ್ಲದೆ, ವರ್ಷಗಳಿಂದ ಸಂಗ್ರಹವಾದ ಸಾವಯವ ವಸ್ತು ಹೊಗೆಯಾಗಿ ಹೋಗುತ್ತದೆ.

ತೆರೆಯುವ ಕಾಲವೂ ಮುಖ್ಯ. ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗಿನ ಅವಧಿ ಅತ್ಯಂತ ಅನುಕೂಲ. ಆಗ ಗುಂಡಿ ಒಣಗಿದ್ದು ಕೆಲಸ ಸುಲಭವಾಗುತ್ತದೆ, ತೆಗೆದ ಗೊಬ್ಬರ ಮೊದಲ ಮಳೆಗೆ ಪಾತಿ ಸೇರುತ್ತದೆ. ಇನ್ನೂ ಬಲವಾದ ಕಾರಣವೊಂದಿದೆ. ಗುಂಡಿಯೊಳಗೆ ಬೆಳೆದ ದುಂಬಿಗಳು ಮುಂಗಾರಿನ ತಿಂಗಳುಗಳಲ್ಲಿ ಅಧಿಕ ಸಂಖ್ಯೆಯಲ್ಲಿ ಹೊರಬಿದ್ದು ಮರಗಳಿಗೆ ಹಾರುತ್ತವೆ.

ಸುಳಿಗೆ ಬರುವ ಶತ್ರುವಿನ ತವರು

ತೆಂಗು ಬೆಳೆಗಾರನು ಹಾಳು ಗುಂಡಿಯ ವಿಷಯದಲ್ಲಿ ಉದಾಸೀನನಾಗಿರಬಾರದು ಎನ್ನುವುದಕ್ಕೆ ರೈನೋಸರಸ್ ದುಂಬಿಯೊಂದೇ ಸಾಕು. ಒರಿಕ್ಟಸ್ ರೈನೋಸರಸ್ ಎಂಬ ಶಾಸ್ತ್ರೀಯ ನಾಮದ ಈ ಕಪ್ಪು ದುಂಬಿಯ ತಲೆಯ ಮೇಲೆ ಕೊಂಬಿರುವುದರಿಂದ ಆ ಹೆಸರು. ಬೆಳೆದ ದುಂಬಿ ರಾತ್ರಿ ಹಾರಿಬಂದು ಇನ್ನೂ ಬಿಚ್ಚಿಕೊಳ್ಳದ ಸುಳಿಯನ್ನು ಕೊರೆದು ಒಳಗಿನ ರಸವನ್ನು ಹೀರುತ್ತದೆ. ಮುಂದೆ ಆ ಗರಿ ಬಿಚ್ಚಿಕೊಂಡಾಗ ಅದರ ಅಂಚಿನಲ್ಲಿ ತ್ರಿಕೋನಾಕಾರದ ಕಡಿತಗಳು ಎದ್ದು ಕಾಣುತ್ತವೆ. ಎಳೆಯ ಸಸಿಯ ಸುಳಿಗೆ ಬಿದ್ದರೆ ಸಸಿಯೇ ಸಾಯಬಹುದು; ದೊಡ್ಡ ಮರದಲ್ಲಿ ಹೊಂಬಾಳೆ ಹಾಳಾಗಿ ಇಳುವರಿ ಕುಗ್ಗುತ್ತದೆ, ದುಂಬಿ ಮಾಡಿದ ಗಾಯದ ಮೂಲಕ ಕೆಂಪು ಮೂತಿ ಹುಳು ಎಂಬ ಇನ್ನೂ ಘೋರವಾದ ಕೀಟ ಒಳಹೊಕ್ಕು ಮರವನ್ನೇ ಬಲಿ ತೆಗೆದುಕೊಳ್ಳುತ್ತದೆ.

ದುಂಬಿ ತಿನ್ನುವುದು ಮರದಲ್ಲಾದರೂ ಸಂತಾನ ಬೆಳೆಸುವುದು ಗೊಬ್ಬರದಲ್ಲಿ. ತಿಪ್ಪೆ, ಕಾಂಪೋಸ್ಟ್ ಗುಂಡಿ, ಕೊಳೆಯುತ್ತಿರುವ ತೆಂಗಿನ ಕಾಂಡ, ನಾರಿನ ಕಾರ್ಖಾನೆಯ ಪುಡಿಯ ಗುಡ್ಡೆ ಇವು ಹೆಣ್ಣು ದುಂಬಿ ಮೊಟ್ಟೆಯಿಡುವ ತಾಣಗಳು. ಒಂದೊಂದು ಹೆಣ್ಣೂ ನೂರಕ್ಕೆ ಮೇಲ್ಪಟ್ಟು ಮೊಟ್ಟೆಗಳನ್ನಿಡಬಲ್ಲದು. ಮೊಟ್ಟೆ ಒಡೆಯಲು ಒಂದೆರಡು ವಾರ, ಬೆಳ್ಳಗಿನ ಮೈ ಮತ್ತು ಕಂದು ತಲೆಯ, ಬಾಗಿ ಮಲಗುವ ಮರಿಹುಳು ಬೆಳೆಯಲು ಮೂರರಿಂದ ಆರು ತಿಂಗಳು, ಕೋಶಾವಸ್ಥೆಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಈ ಲೆಕ್ಕವೇ ನಿಯಂತ್ರಣದ ಸೂತ್ರವನ್ನೂ ಕೊಡುತ್ತದೆ: ಮೊಟ್ಟೆಯಿಂದ ದುಂಬಿಯಾಗಲು ಕನಿಷ್ಠ ನಾಲ್ಕು ತಿಂಗಳು ಬೇಕಾಗುವುದರಿಂದ, ಮೂರು ತಿಂಗಳಿಗೊಮ್ಮೆ ಗುಂಡಿಯನ್ನು ಮಗುಚಿ ಮರಿಹುಳುಗಳನ್ನು ಆರಿಸಿ ನಾಶಪಡಿಸಿದರೆ ಯಾವ ಪೀಳಿಗೆಯೂ ರೆಕ್ಕೆ ಪಡೆಯಲಾರದು. ವರ್ಷಗಟ್ಟಲೆ ಮಗುಚದ ಗುಂಡಿಯಿಂದ ಪೀಳಿಗೆಯ ಮೇಲೆ ಪೀಳಿಗೆ ಹೊರಬಿದ್ದು, ಬೇಲಿಯ ಲೆಕ್ಕವಿಲ್ಲದೆ ಸುತ್ತಲಿನ ತೋಟಗಳಿಗೆಲ್ಲ ಹಾರುವುದರಿಂದ, ಗುಂಡಿಯ ಶುಚಿತ್ವವು ನೆರೆಹೊರೆಯ ಧರ್ಮವೂ ಆಗುತ್ತದೆ.

ಮರಿಹುಳುಗಳನ್ನು ಆರಿಸುವಾಗ ಒಂದು ಎಚ್ಚರ ಅಗತ್ಯ. ಗೊಬ್ಬರದಲ್ಲಿ ಕಾಣುವ ಎಲ್ಲ ಬಿಳಿ ಹುಳುಗಳೂ ಶತ್ರುಗಳಲ್ಲ. ಹೂದುಂಬಿ ಜಾತಿಯ ಮರಿಗಳು ಗಡಸು ಕಸವನ್ನು ತಿಂದು ಪುಡಿಮಾಡಿ ಕಳಿಯುವಿಕೆಗೆ ನೆರವಾಗುತ್ತವೆ. ಹುಳುವನ್ನು ಸಮತಟ್ಟಾದ ನೆಲದ ಮೇಲೆ ಬಿಟ್ಟರೆ ಹೂದುಂಬಿಯ ಮರಿ ಬೆನ್ನ ಮೇಲೆ ಮಲಗಿ ತೆವಳುತ್ತದೆ. ರೈನೋಸರಸ್ ದುಂಬಿಯ ಮರಿ ಹಾಗೆ ತೆವಳುವುದಿಲ್ಲ, ಮತ್ತು ಪೂರ್ತಿ ಬೆಳೆದಾಗ ಗಾತ್ರದಲ್ಲಿಯೂ ಬಹಳ ದೊಡ್ಡದು.

ಈ ದುಂಬಿಯ ವಿರುದ್ಧದ ಜೈವಿಕ ಹೋರಾಟಕ್ಕೆ ಜಗತ್ತಿನ ಹಲವು ಮೂಲೆಗಳ ಅನುಭವ ಸೇರಿದೆ. ಕೀಟಗಳ ಮೈಮೇಲೆ ಬೆಳೆದು ಅವನ್ನು ಕೊಲ್ಲುವ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1879ರಲ್ಲಿ ಧಾನ್ಯದ ದುಂಬಿಯೊಂದರಲ್ಲಿ ಗುರುತಿಸಿದರು. ಏಷ್ಯಾದಿಂದ 1909ರಲ್ಲಿ ಶಾಂತಸಾಗರದ ಸಮೋವಾ ದ್ವೀಪಗಳಿಗೆ ರಬ್ಬರ್ ಸಸಿಗಳೊಡನೆ ಹೋಗಿ ತೆಂಗಿಗೆ ಪಿಡುಗಾಗಿದ್ದ ಇದೇ ರೈನೋಸರಸ್ ದುಂಬಿಯನ್ನು ಹತೋಟಿಗೆ ತಂದದ್ದು, 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಹ್ಯೂಗರ್ ಎಂಬ ವಿಜ್ಞಾನಿ ಪತ್ತೆಹಚ್ಚಿದ ವೈರಾಣು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ರಾಷ್ಟ್ರೀಯ ಸಂಸ್ಥೆಯಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಈ ಎರಡೂ ವಿಧಾನಗಳನ್ನು ನಮ್ಮ ತೋಟಗಳಿಗೆ ಅಳವಡಿಸಿದೆ. ಮೆಟಾರೈಜಿಯಂ ಪುಡಿಯನ್ನು ನೀರಿನಲ್ಲಿ ಕದಡಿ, ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಂತೆ, ಮಗುಚಿದ ಗೊಬ್ಬರದ ಮೇಲೆ ಸಂಜೆಯ ಹೊತ್ತು ಚಿಮುಕಿಸಬೇಕು. ತೇವವಿಲ್ಲದೆಡೆ ಶಿಲೀಂಧ್ರ ಬೆಳೆಯದ ಕಾರಣ ಗುಂಡಿಯನ್ನು ಮೊದಲು ನೆನೆಸಿಕೊಳ್ಳುವುದು ಕಡ್ಡಾಯ. ಮರದ ಮೇಲಿನ ರಕ್ಷಣೆಗೆ, ಎಳೆಯ ಗರಿಗಳ ಕಂಕುಳಲ್ಲಿ ಬೇವಿನ ಹಿಂಡಿಯ ಪುಡಿಯನ್ನು ಸಮಪ್ರಮಾಣದ ಮರಳಿನೊಡನೆ ಬೆರೆಸಿ ತುಂಬುವ ಕ್ರಮವೂ, ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಹೊರಗೆಳೆಯುವ ಹಳೆಯ ಕ್ರಮವೂ ಜೊತೆಗಿರಬೇಕು. ಆದರೆ ತವರು ಹಾಗೆಯೇ ಉಳಿದರೆ ಮರದ ಮೇಲಿನ ಕೆಲಸಕ್ಕೆ ಕೊನೆಯೇ ಇರುವುದಿಲ್ಲ.

ವಿಂಗಡಣೆ ಮತ್ತು ಪರೀಕ್ಷೆ

ತೆರೆದ ಗುಂಡಿಯ ಪದಾರ್ಥವನ್ನು ನಾಲ್ಕು ರಾಶಿಗಳಾಗಿ ಬೇರ್ಪಡಿಸುವುದು ಅನುಕೂಲ. ಮೇಲಿನ ಪದರದ ಇನ್ನೂ ಕಳಿಯದ ಗರಿ, ಮಟ್ಟೆ, ಕಡ್ಡಿಗಳದು ಮೊದಲನೆಯ ರಾಶಿ. ಇದನ್ನು ತುಂಡರಿಸಿ ಹೊಸ ಗುಂಡಿಗೆ ಬಳಸಬೇಕು. ನಡುವಿನ ಅರೆ ಕಳಿತ, ಬೂಷ್ಟು ಹಿಡಿದ ಅಥವಾ ಕೊಳೆತು ನಾರುವ ಭಾಗದ್ದು ಎರಡನೆಯದು. ಇದನ್ನು ನೆರಳಿನಲ್ಲಿ ಹರಡಿ ಗಾಳಿಯಾಡಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ, ನಂತರ ಒಣ ಪುಡಿಗರಿಯೊಡನೆ ಬೆರೆಸಿ ಮತ್ತೆ ಕಳಿಯಲು ಹಾಕಬಹುದು. ತಳದ ಕಪ್ಪಗಿನ, ಪುಡಿಪುಡಿಯಾದ ಭಾಗವನ್ನು ಜರಡಿ ಹಿಡಿದು ತೆಗೆದದ್ದು ಮೂರನೆಯದು. ಕೆಲಸಕ್ಕೆ ಸಿದ್ಧವಾದ ಗೊಬ್ಬರ ಇದೇ. ಪ್ಲಾಸ್ಟಿಕ್ ಚೀಲ, ಗಾಜು, ಹನಿ ಪೈಪು, ಔಷಧಿ ಬಾಟಲಿ, ಬ್ಯಾಟರಿ ಸೆಲ್ಲು, ಟ್ಯೂಬ್‌ಲೈಟ್ ಚೂರುಗಳು ನಾಲ್ಕನೆಯ ರಾಶಿ. ಸೆಲ್ಲು, ಕೀಟನಾಶಕದ ಡಬ್ಬಿಗಳು ಸಿಕ್ಕ ಸ್ಥಳದ ಸುತ್ತಲಿನ ಗೊಬ್ಬರವನ್ನು ತರಕಾರಿ, ಸೊಪ್ಪು ಬೆಳೆಯುವ ಜಾಗಕ್ಕೆ ಬಳಸದಿರುವುದೇ ಲೇಸು.

ಎರಡು ವಸ್ತುಗಳ ಬಗ್ಗೆ ವಿಶೇಷ ಜಾಗರೂಕತೆ ಬೇಕು. ಒಂದು, ಗುಂಡಿಯ ಮೇಲೆ ಬೆಳೆದ ಪಾರ್ಥೇನಿಯಂ ಗಿಡ. ಹೂ ಬಿಡುವ ಮುನ್ನ ಕಿತ್ತದ್ದನ್ನು ಗೊಬ್ಬರ ಮಾಡಬಹುದಾದರೂ, ಬೀಜ ಉದುರಿಸಿದ ಮೇಲೆ ಗುಂಡಿಯ ಮೇಲ್ಪದರವನ್ನು ಮತ್ತೊಮ್ಮೆ ಬಿಸಿಯೇರುವಂತೆ ಕಳಿಸದೆ ತೋಟಕ್ಕೆ ಹಾಕಿದರೆ ಕಳೆಯನ್ನು ಕೈಯಾರೆ ಬಿತ್ತಿದಂತಾಗುತ್ತದೆ. ಇನ್ನೊಂದು, ಅಣಬೆ ರೋಗದಿಂದ ಸತ್ತ ತೆಂಗಿನ ಬೇರು ಮತ್ತು ಬುಡ. ಗ್ಯಾನೋಡರ್ಮಾ ಶಿಲೀಂಧ್ರದಿಂದ ಬರುವ, 1952ರಲ್ಲಿ ತಂಜಾವೂರಿನಲ್ಲಿ ಗುರುತಿಸಲಾದ ಈ ರೋಗವು ಮಣ್ಣು ಮತ್ತು ಬೇರುಗಳ ಮೂಲಕ ಹರಡುವುದರಿಂದ, ಅಂಥ ಅವಶೇಷಗಳನ್ನು ಗುಂಡಿಗೆ ಹಾಕದೆ ಪ್ರತ್ಯೇಕವಾಗಿ ಸುಟ್ಟು ನಾಶಪಡಿಸಬೇಕು; ಬೆಂಕಿ ಸಲ್ಲದೆಂಬ ಮಾತಿಗೆ ಇದೊಂದೇ ವಿನಾಯಿತಿ.

ಗೊಬ್ಬರ ಹದವಾಗಿ ಕಳಿತಿದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಚೆನ್ನಾಗಿ ಕಳಿತದ್ದಕ್ಕೆ ಮಣ್ಣಿನ ವಾಸನೆಯಿರುತ್ತದೆ. ನೀರು ಹಾಕಿ ಗುಡ್ಡೆ ಮಾಡಿದರೆ ಮತ್ತೆ ಬಿಸಿಯೇರುವುದಿಲ್ಲ. ಒಂದು ಕುಂಡದಲ್ಲಿ ಬರಿಯ ಮಣ್ಣನ್ನೂ ಇನ್ನೊಂದರಲ್ಲಿ ಮಣ್ಣು, ಗೊಬ್ಬರಗಳ ಸಮಮಿಶ್ರಣವನ್ನೂ ತುಂಬಿ, ಎರಡರಲ್ಲೂ ಹೆಸರುಕಾಳನ್ನೋ ಅಲಸಂದೆಯನ್ನೋ ಬಿತ್ತಿ ಎರಡು ಮೂರು ವಾರ ಗಮನಿಸಬೇಕು. ಗೊಬ್ಬರದ ಕುಂಡದಲ್ಲಿ ಮೊಳಕೆ ಕುಂಠಿತವಾದರೆ ಅದು ಇನ್ನೂ ಹಸಿ. ಮೊಳೆತ ಗಿಡದ ಎಲೆಗಳು ಮುರುಟಿಕೊಂಡರೆ ಕಳೆನಾಶಕದ ಶೇಷವಿರುವ ಶಂಕೆಯಿದೆ. ಪೋಷಕಾಂಶಗಳ ಪ್ರಮಾಣ ಬೇಕೆಂದವರಿಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲಿದೆ. ತೆಂಗಿನ ಕೀಟ, ರೋಗಗಳ ವಿಷಯಕ್ಕೆ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರವೂ ದೂರವಿಲ್ಲ.

ಮತ್ತೆ ತುಂಬುವ ಕ್ರಮ

ಬರಿದಾದ ಗುಂಡಿಯನ್ನು ದುರಸ್ತಿ ಮಾಡುವುದಕ್ಕೆ ಹೆಚ್ಚು ಖರ್ಚಿಲ್ಲ. ಸಿಮೆಂಟ್ ತೊಟ್ಟಿಯ ತಳದಲ್ಲಿ ನೀರು ಹೊರಹೋಗಲು ತೂತು ಕೊರೆದು, ಮೇಲೆ ತೆಂಗಿನ ಗರಿಯ ಚಪ್ಪರ ಕಟ್ಟಿ, ಸುತ್ತ ಮಳೆನೀರು ನುಗ್ಗದಂತೆ ಮಣ್ಣಿನ ಏರಿ ಹಾಕಿದರೆ ಸಾಕು. ಮುಖ್ಯವಾದದ್ದು ಯಾವ ಪದ್ಧತಿಯನ್ನು ಆರಿಸಿಕೊಳ್ಳಬೇಕೆಂಬ ವಿವೇಚನೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುವ ಒಡೆಯರಿಗೆ ಮಗುಚುವ ಕೆಲಸವೂ ದಿನವೂ ನೀರು ಚಿಮುಕಿಸುವ ಹೊಣೆಯೂ ಇಲ್ಲದ ಬೆಂಗಳೂರು ಪದ್ಧತಿ ಹೊಂದುತ್ತದೆ. ಮೇಲೆ ಮೆತ್ತಿದ ಮಣ್ಣು ತೇವವನ್ನು ಹಿಡಿದಿಡುವುದಲ್ಲದೆ, ಬಿರುಕು ಬಿಡದಂತೆ ನೋಡಿಕೊಂಡರೆ ದುಂಬಿ ಒಳಹೊಕ್ಕು ಮೊಟ್ಟೆಯಿಡುವುದನ್ನೂ ತಡೆಯುತ್ತದೆ. ತೋಟದಲ್ಲಿ ಮನೆ ಮಾಡಿಕೊಂಡು ಇರುವವರಿಗೆ, ಒಂದೆರಡು ಹಸುಗಳೂ ಇದ್ದರೆ, ಎರೆಗೊಬ್ಬರ ಹೆಚ್ಚು ಲಾಭದಾಯಕ.

ತೆಂಗಿನ ಗರಿಯನ್ನು ಎರೆಹುಳು ತಿನ್ನುವುದಿಲ್ಲವೆಂಬ ನಂಬಿಕೆ ಬಹುಕಾಲ ಇತ್ತು. ಕಾಸರಗೋಡಿನ ಸಂಸ್ಥೆಯು ತೆಂಗಿನ ತೋಟದಲ್ಲಿಯೇ ದೊರೆತ ಯೂಡ್ರಿಲಸ್ ಜಾತಿಯ ಹುಳುವನ್ನು ಆರಿಸಿ, ಗರಿಯಿಂದಲೇ ಎರೆಗೊಬ್ಬರ ತಯಾರಿಸುವ ವಿಧಾನವನ್ನು ರೂಪಿಸಿ ಆ ನಂಬಿಕೆಯನ್ನು ತಿದ್ದಿತು. ಕೆಲವು ತಿಂಗಳು ಬಿಸಿಲು ಮಳೆಗೆ ಬಿದ್ದು ಮೆತ್ತಗಾದ ಗರಿಗಳ ದಪ್ಪ ದಿಂಡನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ತೂಕದ ಶೇ 10ರಷ್ಟು ಸಗಣಿಯ ಬಗ್ಗಡ ಸುರಿದು, ಎರಡು ಮೂರು ವಾರ ಬಿಸಿ ಇಳಿಯಲು ಬಿಟ್ಟು, ಬಳಿಕ ಒಂದು ಟನ್‌ಗೆ ಸುಮಾರು ಒಂದು ಕಿಲೋ ಹುಳುಗಳನ್ನು ಬಿಡುವುದು ಅದರ ಸಾರ. ಎರಡೂವರೆ ಮೂರು ತಿಂಗಳಲ್ಲಿ ಹಾಕಿದ ಪದಾರ್ಥದ ಶೇ 70ರಷ್ಟು ಗೊಬ್ಬರವಾಗಿ ದೊರೆಯುತ್ತದೆ.

ಸಗಣಿ ಸಾಲದ ತೋಟಗಳಲ್ಲಿ ಸಾರಜನಕಕ್ಕೆ ಹಸಿರೆಲೆಯೇ ಆಧಾರ. ಬದುವಿನ ಹೊಂಗೆಯ ಸೊಪ್ಪು, ಬೇಲಿಯಲ್ಲಿ ಬೆಳೆಸಿದ ಗ್ಲಿರಿಸಿಡಿಯಾ ಅಥವಾ ಗೊಬ್ಬರದ ಗಿಡದ ಸೊಪ್ಪು, ತೆಂಗಿನ ಸಾಲುಗಳ ನಡುವೆ ಬಿತ್ತಿ ಹೂ ಬಿಡುವ ಹೊತ್ತಿಗೆ ಕೊಯ್ದ ಅಪ್ಸೆಣಬು ಇವನ್ನು ಒಣ ಗರಿಯ ಪ್ರತಿ ಪದರದ ಮೇಲೂ ಹಾಸಿ, ಹಳೆಯ ಗುಂಡಿಯಿಂದ ಜರಡಿ ಹಿಡಿದ ಗೊಬ್ಬರದ ಒಂದೆರಡು ಮಂಕರಿಯನ್ನು ಬೀಜದ ಹೆಪ್ಪಿನಂತೆ ಎರಚಬೇಕು. ಆ ಗೊಬ್ಬರದೊಳಗಿನ ಸೂಕ್ಷ್ಮಜೀವಿಗಳು ಹೊಸ ರಾಶಿಯಲ್ಲಿ ಬೇಗನೆ ನೆಲೆಗೊಳ್ಳುತ್ತವೆ. ನಾರಿನ ಕಾರ್ಖಾನೆಗಳಿಂದ ಅಗ್ಗವಾಗಿ ಸಿಗುವ ನಾರಿನ ಪುಡಿಯ ವಿಷಯದಲ್ಲಿ ಎಚ್ಚರ ಬೇಕು. ಹಸಿ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಮೀರಿದ ಇಂಗಾಲವಿರುವುದರಿಂದ, ಅದನ್ನು ಹಾಗೆಯೇ ಪಾತಿಗೆ ತುಂಬಿದರೆ ಮಣ್ಣಿನ ಸಾರಜನಕವನ್ನೇ ಅದು ಸೆಳೆದುಕೊಳ್ಳುತ್ತದೆ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಪ್ಲೂರೋಟಸ್ ಅಣಬೆಯ ಬೀಜವನ್ನು ಪದರಪದರವಾಗಿ ಹಾಕಿ, ತೇವ ಕಾಯ್ದುಕೊಂಡು ಕಳಿಸಿದರೆ ಇಂಗಾಲದ ಪ್ರಮಾಣ ಸುಮಾರು 24 ಪಾಲಿಗೆ ಇಳಿದು, ಪುಡಿ ಕಪ್ಪಗಾಗಿ ನೀರು ಹಿಡಿದಿಡುವ ಉತ್ತಮ ಗೊಬ್ಬರವಾಗುತ್ತದೆ.

ಎಕರೆಯ ಲೆಕ್ಕ

ಈ ಶ್ರಮಕ್ಕೆ ತಕ್ಕ ಫಲವಿದೆಯೇ ಎಂಬುದನ್ನು ಅಂಕಿಗಳಿಂದಲೇ ನೋಡಬಹುದು. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಬೇಕೆಂದೂ, ಅದರೊಡನೆ 50 ಕಿಲೋ ಸಾವಯವ ಗೊಬ್ಬರ ಕೊಡಬೇಕೆಂದೂ ಶಿಫಾರಸು ಇದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ 0.5ರಷ್ಟು ಸಾರಜನಕವಿರುವುದರಿಂದ ಆ 50 ಕಿಲೋ ಗೊಬ್ಬರವೇ 250 ಗ್ರಾಂ, ಅಂದರೆ ಬೇಕಾದ ಸಾರಜನಕದ ಅರ್ಧವನ್ನು ಒದಗಿಸುತ್ತದೆ. ಮೂವತ್ತಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ 48 ಮರಗಳಿದ್ದು, ಅವಕ್ಕೆ ಬೇಕಾಗುವುದು ಒಟ್ಟು 2,400 ಕಿಲೋ ಗೊಬ್ಬರ. ಚೆನ್ನಾಗಿ ತುಂಬಿದ ಒಂದೇ ಒಂದು ನಾಡೆಪ್ ತೊಟ್ಟಿಯಿಂದ ಸರಿಸುಮಾರು ಅಷ್ಟೇ ಗೊಬ್ಬರ ಸಿಗುತ್ತದೆ. ಕಚ್ಚಾವಸ್ತುವಿಗೂ ಕೊರತೆಯಿಲ್ಲ, ಏಕೆಂದರೆ ಒಂದು ಮರ ವರ್ಷಕ್ಕೆ 12ರಿಂದ 14 ಗರಿಗಳನ್ನು ಉದುರಿಸುತ್ತದೆ. 175 ಮರಗಳಿರುವ ಒಂದು ಹೆಕ್ಟೇರ್ ತೋಟದಿಂದ ವರ್ಷಕ್ಕೆ 6ರಿಂದ 8 ಟನ್ ಗರಿ ಮತ್ತಿತರ ಕಸ ಬೀಳುತ್ತದೆಂಬುದು ಸಂಶೋಧಕರ ಅಂದಾಜು.

ಗೊಬ್ಬರದ ಬೆಲೆಯನ್ನು ಪೋಷಕಾಂಶಗಳಲ್ಲಿ ಮಾತ್ರ ಅಳೆಯುವುದೂ ಅಪೂರ್ಣ. ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿರುವ ಈ ಸೀಮೆಯಲ್ಲಿ, ಮರದ ಬುಡದಿಂದ 1.8 ಮೀಟರ್ ತ್ರಿಜ್ಯದ ಪಾತಿಗೆ ಬಿದ್ದ ಸಾವಯವ ಪದಾರ್ಥವು ಮಳೆಯ ನೀರನ್ನೂ ಹನಿ ನೀರಾವರಿಯ ನೀರನ್ನೂ ಬೇರಿನ ಬಳಿ ಹಿಡಿದು ನಿಲ್ಲಿಸುತ್ತದೆ. ಮಳೆ ಕೈಕೊಟ್ಟ ವರ್ಷ ತೋಟ ಉಳಿಯುವುದೋ ಒಣಗುವುದೋ ಎಂಬುದನ್ನು ನಿರ್ಧರಿಸುವಲ್ಲಿ ಇದರ ಪಾತ್ರ ದೊಡ್ಡದು. ಸಾವಿರ ಅಡಿ ಕೊರೆಸಲು ಸಾಲ ಮಾಡುವವರು, ಬಂದ ನೀರನ್ನು ಹಿಡಿದಿಡಬಲ್ಲ ಮಣ್ಣನ್ನು ಕಟ್ಟಲು ಕೆಲವು ದಿನಗಳ ಕೂಲಿಯನ್ನು ವೆಚ್ಚ ಮಾಡಲು ಹಿಂಜರಿಯಬಾರದು.

ಆದುದರಿಂದ ಹಂದನಕೆರೆಯ ಕಡೆ ತೋಟ ಕೊಳ್ಳುವವರೂ ಪಾಲಿಗೆ ಬಂದ ತೋಟಕ್ಕೆ ಮರಳುವವರೂ, ಬೇಲಿ ಮತ್ತು ಕೊಳವೆಬಾವಿಗಿಂತ ಮೊದಲು ಮೂಲೆಯ ಗೊಬ್ಬರದ ಗುಂಡಿಯ ಕಡೆ ಹೆಜ್ಜೆ ಹಾಕಬೇಕು; ಅಲ್ಲಿಯೇ ಹುಟ್ಟಿ ಬೆಳೆದ ಅಕ್ಕಪಕ್ಕದ ತೋಟದವರನ್ನು ಕರೆದು, ಗುಂಡಿಯಲ್ಲಿ ಏನೇನು ಬಿದ್ದಿದೆ, ಯಾವಾಗ ಕೊನೆಯ ಸಲ ತೆಗೆದದ್ದು ಎಂದು ವಿಚಾರಿಸಬೇಕು; ಮುಂಗಾರಿಗೆ ಮುನ್ನ ಅದನ್ನು ತೆರೆದು, ಹುಳು ಆರಿಸಿ, ಗೊಬ್ಬರ ಜರಡಿ ಹಿಡಿದು, ಮತ್ತೆ ತುಂಬಿ ಮುಚ್ಚಬೇಕು. ಗ್ರಾಮ ಪಂಚಾಯಿತಿಗಳೂ ತೋಟಗಾರಿಕೆ ಇಲಾಖೆಯೂ ಹೊಸ ತೊಟ್ಟಿಗಳ ಸಂಖ್ಯೆಯನ್ನು ಹೆಚ್ಚಿಸುವಷ್ಟೇ ಆಸ್ಥೆಯಿಂದ ಹಳೆಯ ತೊಟ್ಟಿಗಳ ಪುನರುಜ್ಜೀವನಕ್ಕೂ ಮೆಟಾರೈಜಿಯಂ ಪೂರೈಕೆಗೂ ನೆರವು ನೀಡಬೇಕು. ಒಂದು ತೋಟದ ಗುಂಡಿ ಶುಚಿಯಾದರೆ ಅದರ ಫಲ ಸುತ್ತಲಿನ ಎಲ್ಲ ತೋಟಗಳಿಗೂ ಸಲ್ಲುತ್ತದೆ. ಈ ಕೆಲಸವನ್ನು ಇದೇ ಬೇಸಿಗೆಯಲ್ಲಿ ಆರಂಭಿಸಬೇಕು.